ಅಡಿ ಕೊಯ್ದ ಚೆಂಡು

ಮಾರ್ಚ್ ೧೪, ಗುರುವಾರ

ಮಂಡಿ ಇನ್ನೂ ನೋಯುತ್ತಿದೆ, ನೋಯಲಿ. ಟೇಬಲ್ ಟೆನಿಸ್‌ನಲ್ಲಿ ಸೋದರಮಾವ ಇವತ್ತೂ ಮೊದಮೊದಲು ಪ್ರತಿ ಚೆಂಡಿನ ಅಡಿಯನ್ನು ಬ್ಯಾಟಿನಿಂದ ಕೊಯ್ದು ಕಳಿಸಿದರು. ಚೆಂಡು ಹಿಂದಕ್ಕೆ ಸುತ್ತುತ್ತಾ ಬರುವ ಅಷ್ಟು ಬ್ಯಾಕ್‌ಸ್ಪಿನ್ ಇದ್ದರೆ ಹೊಡೆದದ್ದೆಲ್ಲ ನೆಟ್ಟಿಗೇ. ಒಂಬತ್ತು ಹಾಗೇ ಹೋದವು.

"ಸುಮ್ನೆ ವಾಪಸ್ ತಳ್ಳೇ, ಹೊಡೆಯೋದು ನಿನ್ ಕೈಲಾಗಲ್ಲ," ಅಂದರು.

ತಳ್ಳಿ ತಳ್ಳಿಯೇ ಆರು ವರ್ಷ ಸೋತಿದ್ದೇನೆ. ಇನ್ನು ತಳ್ಳುವವಳಲ್ಲ.

ಗೋಡೆಗೆ ಬಣ್ಣ ಬಳಿಯುವುದು ನನ್ನ ಕಸುಬು. ಹತ್ತನೆಯ ಚೆಂಡಿಗೆ ಮಂಡಿ ಬಗ್ಗಿಸಿ, ಗೋಡೆಯ ಬುಡದಿಂದ ಬ್ರಷ್ ಎಳೆಯುವ ಹಾಗೆ ಬ್ಯಾಟನ್ನು ಕೆಳಗಿನಿಂದ ಮೇಲಕ್ಕೆಳೆದು ಚೆಂಡಿನ ಬೆನ್ನು ಸವರಿದೆ. ಅದು ಅವರ ಮೂಲೆಯಲ್ಲಿ ಬಿದ್ದು ಹಾರಿತು. ಮಾವ ನಿಂತಲ್ಲೇ ನಿಂತಿದ್ದರು.

"ಏನೋ ಅದೃಷ್ಟ," ಅಂದರು. ಆಟವನ್ನೂ ಗೆದ್ದರು, ಗೆಲ್ಲಲಿ.

ನಿದ್ದೆ ಎಳೆಯುತ್ತಿದೆ. ಅದೃಷ್ಟವೇ ಆಗಿದ್ದರೆ, ಆಮೇಲೆ ಒಂದು ಚೆಂಡನ್ನೂ ಕೊಯ್ಯಲಿಲ್ಲ ಯಾಕೆ, ಮಾವ?