ಜಮಖಂಡಿ ದಾರಿಯಲ್ಲಿ ಮಾತ್ರ ಕೆಡುವ ಕಾರು

ಬನಹಟ್ಟಿ
೧೮ ಆಗಸ್ಟ್ ೨೦೨೪, ಭಾನುವಾರ
ಅಪ್ಪ ಮಲಗಿದ್ದಾರೆ. ತಮ್ಮ ಮಲ್ಲಿನಾಥ ಮಗ್ಗದ ಶೆಡ್ಡಿನಲ್ಲಿದ್ದಾನೆ. ಕಾರು ಅಂಗಳದಲ್ಲಿದೆ.

ಪ್ರೀತಿಯ ಉಜ್ವಲಕ್ಕಾ,

ನಿನ್ನ ಸೊಂಟ ಹೇಗಿದೆ? ಇಚಲಕರಂಜಿಯ ಆ ಮೆಟ್ಟಿಲುಗಳ ಮೇಲೆ ನೀರು ಹೊರಬೇಡವೆಂದರೆ ನೀನು ಕೇಳುವವಳಲ್ಲ. ಅಕ್ಷತಾಳಿಗೆ ಜ್ವರ ಬಿಟ್ಟಿತೇ? ನಾನು ಆರಾಮಾಗಿದ್ದೇನೆ. ಅಪ್ಪ ಹಾಗಿಲ್ಲ. ಫೋನು ಮಾಡಿದರೆ ಅವರು ಪಕ್ಕಕ್ಕೇ ಬಂದು ಕೂಡುತ್ತಾರೆ. ಅದಕ್ಕೇ ಈ ಕಾಗದ.

ವಾರಕ್ಕೆರಡು ಸಲ ಅವರಿಗೆ ಜಮಖಂಡಿಯಲ್ಲಿ ಡಯಾಲಿಸಿಸ್ ಆಗಬೇಕು. ಈಚೆಗೆ ಅರ್ಧದಷ್ಟೂ ಆಗಿಲ್ಲ. ಊರು ದಾಟಿ ಕಬ್ಬಿನ ಹೊಲಗಳ ನಡುವೆ ಹೋಗುತ್ತಿರುವಾಗ ನಮ್ಮ ಹಳೆಯ ಕಾರಿನ ಎಂಜಿನ್, ಹಾರ್ನ್, ವೈಪರ್ ಎಲ್ಲ ಒಟ್ಟಿಗೆ ನಿಂತುಬಿಡುತ್ತವೆ. ಮಲ್ಲಿನಾಥ ಫ್ಯೂಸು ತೆಗೆದು ನೋಡುತ್ತಾನೆ, ಬೈಯುತ್ತಾನೆ. ಕಡೆಗೆ ಅಪ್ಪ ಇಳಿದು ಬಾನೆಟ್ಟಿನೊಳಗೆ ಕೈಯಾಡಿಸಿದರೆ ಜೀವ ಬರುತ್ತದೆ. ಅಷ್ಟರಲ್ಲಿ ನಮ್ಮ ಸರದಿ ಬೇರೆಯವರಿಗೆ ಹೋಗಿರುತ್ತದೆ. “ಗಾಡಿಗೂ ಬ್ಯಾಸರ ಆಗೇತಿ, ಹೊಳ್ಳಿಸ್ರಿ” ಎಂದು ಅಪ್ಪ ಮನೆಯ ಕಡೆ ತಿರುಗಿಸಲು ಹೇಳುತ್ತಾರೆ. ಬಸ್ಸು ಎಂದರೆ “ಬಸ್ಸಿನ್ಯಾಗ ನನ್ನ ಹೆಣಾ ಒಯ್ಯಿರಿ” ಎಂಬ ಉತ್ತರ. ಪಾದಗಳು ಬಾತು ಚಪ್ಪಲಿ ಹಿಡಿಯುತ್ತಿಲ್ಲ. ಹೀಗೇ ತಪ್ಪಿಸುತ್ತ ಹೋದರೆ ಉಳಿಯುವುದು ಕಷ್ಟವೆಂದು ಡಾಕ್ಟರು ನನಗೊಬ್ಬಳಿಗೇ ಹೇಳಿದ್ದಾರೆ.

ಇದೇ ಕಾರು ನೂಲು ತರಲು ಮುಧೋಳಕ್ಕೆ ಹೋದರೆ ಕೆಮ್ಮುವುದೂ ಇಲ್ಲ. ಬ್ಯಾಟರಿ ಹೊಸದು. ಮೆಕ್ಯಾನಿಕ್ ಗುರುಸಿದ್ದನ ಹತ್ತಿರ ಒಯ್ದರೆ, “ಅಕ್ಕಾರ, ನನ್ನ ಮುಂದ ಒಮ್ಮೆರ ಕೆಡ್ಲಿ, ಆಮ್ಯಾಲ ಮಾತಾಡ್ರಿ” ಎಂದು ನಗುತ್ತಾನೆ. ನನ್ನ ಅನುಮಾನ ನಮ್ಮ ತಮ್ಮನ ಮೇಲೆ ಹೋಯಿತು. “ಈ ಡಬ್ಬಾ ಮಾರಿ ಒಗಿಯೂಣು ಬೇ ಅಕ್ಕಾ” ಎಂದು ಯುಗಾದಿಯಿಂದ ಜಪಿಸುತ್ತಿದ್ದಾನೆ. ಓಡಿಸುವವನೂ ಅವನೇ. ಅವನು ಕೀಲಿ ಎತ್ತಿಕೊಂಡಾಗಲೆಲ್ಲ ಅವನ ಕೈಯನ್ನೇ ನೋಡುತ್ತ ಕೂತೆ. ಒಂದು ದಿನ, “ನಾ ಏನ್ ಕಳ್ಳ ಏನ?” ಎಂದು ಕೇಳಿಯೂಬಿಟ್ಟ.

ಗುರುವಾರ ಅವನನ್ನು ಮನೆಯಲ್ಲೇ ಬಿಟ್ಟು ನಾನು ಓಡಿಸಿದೆ. ಅದೇ ಕಬ್ಬಿನ ನಡುವೆ ನಿಂತಿತು. ಅಪ್ಪ ಇಳಿಯಹೋದರು, ಮೊದಲು ನಾನು ನೋಡುತ್ತೇನೆ ಎಂದೆ. “ಸರಿ, ಕೈ ಎಣ್ಣಿ ಮಾಡ್ಕೋಬ್ಯಾಡ” ಎಂದರು, ಎರಡು ಸಲ. ಗುರುಸಿದ್ದನಿಂದ ಮೀಟರ್ ಕಡ ತಂದಿದ್ದೆ. ಬ್ಯಾಟರಿಗೆ ಹಿಡಿದರೆ ಕರೆಂಟು ತುಂಬ ಇತ್ತು. ಫ್ಯೂಸ್ ಪೆಟ್ಟಿಗೆಗೆ ಹಿಡಿದರೆ ಏನೂ ಇಲ್ಲ. ಹಾಗಾದರೆ ದೋಷ ಇವೆರಡರ ನಡುವಿನ ತಂತಿಯಲ್ಲೇ ಇರಬೇಕು. ಬೆರಳಿಂದ ಸವರುತ್ತ ಹೋದೆ. ಬ್ಯಾಟರಿಯ ತಟ್ಟೆಯ ಹಿಂದೆ, ಕಣ್ಣಿಗೆ ಬೀಳದ ಕಡೆ, ತಂತಿಗೆ ನಮ್ಮ ಶೆಡ್ಡಿನ ಬಿಳಿ ನೂಲು ಸುತ್ತಿತ್ತು. ಸುತ್ತು ಸಡಿಲವಾಗಿತ್ತು. ಬಿಚ್ಚಿದೆ. ತಂತಿ ಸವೆದು ಹರಿದಿರಲಿಲ್ಲ, ಕತ್ತರಿಯಿಂದ ಕತ್ತರಿಸಿದ್ದು. ಮಗ್ಗದಲ್ಲಿ ಹರಿದ ಹಾಸಿನ ಎಳೆ ಕೂಡಿಸುವಾಗ ಹಾಕುತ್ತೇವಲ್ಲ, ಅದೇ ಗಂಟನ್ನು ತಾಮ್ರಕ್ಕೆ ಹಾಕಿದ್ದರು. ನೂಲು ಬಿಗಿದರೆ ಕರೆಂಟು ಹರಿಯುತ್ತದೆ. ಸಡಿಲಿಸಿ ಬಿಟ್ಟರೆ ರಸ್ತೆಯ ಕುಲುಕಾಟಕ್ಕೆ ತುದಿಗಳು ಬೇರೆಯಾಗಿ ಕರೆಂಟು ನಿಲ್ಲುತ್ತದೆ. ನಾನು ಬಿಗಿದೆ, ಕಾರು ಹೊರಟಿತು. ಆ ದಿನವೂ ತಡವಾಗಿತ್ತು. ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಏನು ಕೆಟ್ಟಿತ್ತು ಎಂದು ಕೂಡ.

ಭಾವನವರಿಗೆ ನಮಸ್ಕಾರ ತಿಳಿಸು. ಅಕ್ಷತಾಳಿಗೆ ನನ್ನದೊಂದು ಮುತ್ತು. ನೀನು ಸೊಂಟಕ್ಕೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ ತಂಗಿ
ನಂದಾ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಪ್ಪ ಎದ್ದ ಸದ್ದಾಯಿತು. ಗಂಟಿನ ತುದಿಗಳು ಎಡಕ್ಕೆ ಮಲಗಿದ್ದವು. ನಮ್ಮ ಮನೆಯಲ್ಲಿ ಎಡಗೈಯಿಂದ ಗಂಟು ಹಾಕುವವರು ಅವರೊಬ್ಬರೇ. ಜಮಖಂಡಿಗೆ ಹೊರಡುವ ಬೆಳಿಗ್ಗೆ ಮಾತ್ರ ರೇಡಿಯೇಟರಿಗೆ ನೀರು ಹಾಕುವೆನೆಂದು ಬಾನೆಟ್ ತೆಗೆಯುವವರೂ ಅವರೇ. ಹೊಸ ತಂತಿ ಹಾಕಲು ಗುರುಸಿದ್ದ ನಾಳೆ ಬರುತ್ತೇನೆಂದಿದ್ದ, ಬೇಡವೆಂದೆ. ಮೊದಲು ಅಪ್ಪನನ್ನೇ ಕೇಳಬೇಕು, ನಿಮಗೆ ಅಲ್ಲಿಗೆ ಹೋಗುವ ಮನಸ್ಸು ಇದೆಯೋ ಇಲ್ಲವೋ ಎಂದು. ಇಲ್ಲವೆಂದರೆ ಆ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಹೀಗೆಂದು ನಿರ್ಧರಿಸಿದ್ದೇನೆ. ಇನ್ನೂ ಕೇಳಿಲ್ಲ.