ಸದ್ದಿಲ್ಲದ ಪೆಟ್ಟಿಗೆ

ಮಾರ್ಚ್ ೧೧, ಮಂಗಳವಾರ

ಅತ್ತೆಯವರ ದನಿ ದಿನದಿನಕ್ಕೂ ಇಳಿಯುತ್ತಿದೆ. ಅವರ ದೇವರ ಹಾಡುಗಳನ್ನು ಈಗಲೇ ಹಿಡಿದಿಡಬೇಕು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಪೆಟ್ಟಿಗೆ ತರಲು ಸೊಸೆಯ ಜೊತೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಎರಡು ತೋರಿಸಿದ. ನನ್ನ ಕಣ್ಣೆಲ್ಲ ದೀಪ ಮಿನುಗುವ ಪೆಟ್ಟಿಗೆಯ ಮೇಲೆ.

ಸೊಸೆ, "ಅಣ್ಣಾ, ಫ್ಯಾನ್ ಆರಿಸಿ, ಒಂದ್ನಿಮಿಷ ಯಾರೂ ಮಾತಾಡ್ಬೇಡಿ" ಎಂದು ಎರಡರಲ್ಲೂ ಬರೀ ಮೌನವನ್ನೇ ರೆಕಾರ್ಡ್ ಮಾಡಿದಳು!

"ಯಾಕಮ್ಮಾ, ಹಾಡೋಕೆ ಬರಲ್ವಾ?" ಎಂದು ಅಂಗಡಿಯವನು ನಕ್ಕ.

ಅವಳು ಹೆಡ್‌ಫೋನನ್ನು ನನ್ನ ಕಿವಿಗಿಟ್ಟಳು. ದೀಪದ ಪೆಟ್ಟಿಗೆ ದುಂಬಿಯಂತೆ ಗುಂಯ್ ಎನ್ನುತ್ತಿತ್ತು. ಮಂಕು ಬಣ್ಣದ್ದು ತೆಪ್ಪಗಿತ್ತು.

"ಅಜ್ಜಿ ದನಿ ಸಣ್ಣದು ಅತ್ತೆ. ಪೆಟ್ಟಿಗೆ ಬಾಯ್ಮುಚ್ಕೊಂಡಿದ್ರೇನೇ ಅದು ಕೇಳ್ಸೋದು."

ಮಂಕು ಪೆಟ್ಟಿಗೆಯನ್ನೇ ತಂದೆವು. ಸಂಜೆ ಅತ್ತೆಯವರು ಹಾಡಿದರು. ರೆಕಾರ್ಡಿಂಗಿನಲ್ಲಿ ಮೊದಲ ಪದಕ್ಕೂ ಮುಂಚೆ ಎಳೆದುಕೊಂಡ ಉಸಿರೂ ಕೇಳಿಸಿತು. ಸ್ವಾಮೀ, ಈ ಹುಡುಗಿಯ ಕಿವಿಯನ್ನು ಕಾಪಾಡು. ಮೂವತ್ತು ವರ್ಷ ಅವರ ಪಕ್ಕದಲ್ಲೇ ಕೂತು ಹಾಡಿದ ನನಗೆ ಆ ಉಸಿರು ಒಂದು ದಿನವೂ ಕೇಳಿಸಿರಲಿಲ್ಲ.