ರಾಣಿ ಛಾಪಿನ ಸೊಟ್ಟ ಬಿಲ್ಲಿ

ಟೋಟೆಮ್ ಲೇಕ್, ಕರ್ಕ್‌ಲ್ಯಾಂಡ್
೧೪ ಅಕ್ಟೋಬರ್ ೨೦೨೫

ನನ್ನ ತಂಗಿ ಕಮಲವ್ವಗ,

ಅಕ್ಕ ಮಾಡೂ ಆಶೀರ್ವಾದ. ಈ ಪರದೇಶಕ್ಕ ಮಗಳ ಮನಿಗೆ ಬಂದು ತಿಂಗಳಾತು, ಒಂದು ಸಾಲು ಬರೀಲಿಲ್ಲಂತ ಸಿಟ್ಟಾಗಬ್ಯಾಡ. ಫೋನ್ ಮಾಡಿದ್ರ ನೀ ಸ್ಪೀಕರ್ ಹಚ್ಚಿ ಓಣಿ ಮಂದಿಗೆಲ್ಲ ಕೇಳಸ್ತಿ. ಇದು ಓಣಿಗೆ ಕೇಳಸೂ ಮಾತಲ್ಲ, ಅದಕ್ಕ ಕಾಗದ.

ನೇತ್ರಾ ಶುಕ್ರವಾರದಿಂದ ನಿನ್ನೆ ತನಕ ನನ್ನ ಜೋಡಿ ಮಾತ ಬಿಟ್ಟಿದ್ದಳು. ರೆಡ್ಮಂಡ್ ಆಫೀಸಿನಿಂದ ಬರೂದು, ಉಣ್ಣೂದು, ಬಾಗಿಲಾ ಹಾಕ್ಕೊಳ್ಳೂದು. ಆಕಿಗೆ ನೋಡಿದ ವರ ಮಲ್ಲೇಶನ ಮನಿಯವರು ಮುಂದಿನ ತಿಂಗಳೊಳಗ ಹೂಂ ಅಂತೀರೋ ಒಲ್ಲೆ ಅಂತೀರೋ ಹೇಳ್ರಿ ಅಂದಾರ. ಏನ ಹೇಳ್ಲಿ? ನನಗ ತಲಿನ ಓಡವಲ್ದು.

ಆದದ್ದಿಷ್ಟ. ಶುಕ್ರವಾರ ಪೂಜಿಗೆ ಬೆಳ್ಳಿ ಸಾಮಾನು ತಿಕ್ಕಾಕ ಕುಂತಿದ್ದೆ. ಆಕಿ ಟೇಬಲ್ ಖಾನೆದಾಗ ಕರ್ರಗಾದ ಒಂದು ಹಳೇ ರೊಕ್ಕದ ಬಿಲ್ಲಿ ಸಿಕ್ತು. ರಾಣಿ ಮುಖ, ಕಿವಿ ಹಿಂದ ಗುಲಾಬಿ ಹೂ. ನಮ್ಮವ್ವ ಲಕ್ಷ್ಮಿ ಮುಂದ ಇಡ್ತಿದ್ದಳಲ್ಲ, ಆ ರಾಣಿ ಛಾಪಿನ ರೂಪಾಯಿನ ಅಂತ ತಿಳಕೊಂಡೆ. ಆದ್ರ ಎರಡೂ ಕಡೆ ಬಾಗಿ ಸೊಟ್ಟ ಆಗಿತ್ತು. ಊನ ಇದ್ದದ್ದು ದೇವರ ಮುಂದ ಇಡಾಕ ಬರ್ತೈತೇನು? ಶುಂಠಿ ಕುಟ್ಟೂ ಕಲ್ಲಿನಿಂದ ಹಗೂರಕ ಬಡದು ನೆಟ್ಟಗ ಮಾಡಿದೆ. ವಿಭೂತಿ ಹಚ್ಚಿ ತಿಕ್ಕಿ, ಕುಂಕುಮ ಇಟ್ಟೆ. ಆಕಿ ಬಂದು ಖುಷಿ ಆಗ್ತಾಳಂತ ನಾ!

ನೋಡಿದಾಕಿ ಬೂಟು ಕಾಲಾಗ ಇದ್ದಂಗನ ನೆಲಕ್ಕ ಕುಂತಳು.

"ಅವ್ವಾ, ಇದನ್ಯಾಕ ನೆಟ್ಟಗ ಮಾಡಿದಿ?"

"ಸೊಟ್ಟ ಇತ್ತಲ್ಲ ಯವ್ವಾ."

"ಸೊಟ್ಟನ ಇರಬೇಕಾಗಿತ್ತು." ಅಷ್ಟ ಅಂದು ಒಳಗ ಹೋದಳು.

ನಿನ್ನೆ ನಾನ ಬಾಗಿಲಾ ಬಡದೆ. ಆ ಬಿಲ್ಲಿ ಎಲಿಜಬೆತ್ ರಾಣಿ ಕಾಲದ್ದಂತ. "ಮೊನ್ನೆ ತೀರಿಕೊಂಡ ಮುದುಕಿದೇನು?" ಅಂದೆ. "ಅಲ್ಲವ್ವಾ, ಅದ ಹೆಸರಿನ ಮೊದಲನೇ ರಾಣಿ, ನಾನೂರು ವರ್ಷದ ಹಿಂದಿನಾಕಿ" ಅಂದಳು. ಆ ರಾಣಿ ದೇಶದಾಗ ಹಿಂದಕ್ಕ ಹುಡುಗ ಇಂಥಾ ಬಿಲ್ಲಿ ಬಾಗಿಸಿ ಹುಡುಗಿಗೆ ಕೊಟ್ರ ಮಾತು ಕೊಟ್ಟಂಗಂತ. ಎಂಥಾ ಪದ್ಧತಿನೋ ಏನೋ, ಒಂದು ಉಂಗುರ ಕೊಡಬಾರದೇನು? "ಮತ್ತ ಸೊಟ್ಟ ಮಾಡಿ ಕೊಡ್ಲೇನವ್ವಾ?" ಅಂದೆ. "ನೀ ಮಾಡಿದ್ರ ಅದಾಗೂದಿಲ್ಲ" ಅಂತ ನಕ್ಕಳು, ನಕ್ಕೋತನ ಅತ್ತಳು. ನನಗೂ ತಡಕೊಳ್ಳಾಕ ಆಗಲಿಲ್ಲ.

ಮಲ್ಲೇಶನ ಮನಿಯವರಿಗೆ ನಾವು ಒಲ್ಲೆ ಅಂದೀವಂತ ನೀನ ಹೇಳಿಬಿಡು. ಕಾರಣ ಕೇಳಿದ್ರ ನನ್ನ ಮ್ಯಾಲೆ ಹಾಕು. ನಿನ್ನ ಮಣಕಾಲ ನೋವು ಕಡಿಮಿ ಆಗಲಿ, ಮಕ್ಕಳು ಮರಿ ಎಲ್ಲಾರೂ ತಣ್ಣಗಿರ್ರಿ.

ನಿನ್ನ ಅಕ್ಕ,
ಗಂಗಮ್ಮ

ತಾ.ಕ.: ಇದು ಮರತು ಉಳದದ್ದಲ್ಲ, ಮ್ಯಾಲೆ ಬರ್ಯಾಕ ಕೈ ಏಳಲಿಲ್ಲ. ಬಿಲ್ಲಿ ಕೊಟ್ಟಾವ ರಾಯ್ಸ್ಟನ್ ಅಂತ, ಮಂಗಳೂರ ಕಡೆ ಕ್ರಿಶ್ಚಿಯನ್ ಹುಡುಗ. ಐದು ವರ್ಷದ ಹಿಂದ ನೇತ್ರಾ ಅವನ್ನ ಮದುವಿ ಆಗ್ತೀನಂತ ಫೋನಿನಾಗ ಹೇಳಿದಾಗ, "ಇನ್ನೊಮ್ಮೆ ಆ ಹೆಸರು ನನ್ನ ಕಿವಿಗೆ ಬಿದ್ರ ನಾ ನಿನ್ನ ಪಾಲಿಗೆ ಸತ್ತಂಗ" ಅಂದಿದ್ದೆ. ಆಕಿ ಮತ್ತ ಎತ್ತಲಿಲ್ಲ. ಬಿಟ್ಟಾಳಂತ ತಿಳದು ವರಗಳ ಫೋಟೋ ಕಳಿಸ್ಕೋತ ಬಂದೆ. ನಿನ್ನೆ ನಾನ ಸೋತು ಕೇಳಿದೆ, "ಆ ಹುಡುಗ ಹೆಂಗ ಅದಾನ?" ಅಂತ.

"ತೀರಿಕೊಂಡು ಎರಡು ವರ್ಷ ಆತವ್ವಾ" ಅಂದಳು. "ಹೆಸರು ಎತ್ತಬ್ಯಾಡ ಅಂದಿದ್ದಿ. ನಿನಗ ಹೆಂಗ ಹೇಳ್ಲಿ?"